ನೆಲಕ್ಕೆ ಮಲಗಿದ ಕಲ್ಲಿನ ಸದ್ದು

ನಮ್ಮೂರಿನ ಕಲ್ಲು ಮಂಟಪವನ್ನು ರಸ್ತೆ ಅಗಲ ಮಾಡುವವರು ಹಾಳು ಮಾಡಿದರು ಎಂದು ಎಲ್ಲರೂ ಹೇಳುತ್ತಾರೆ. ನನ್ನ ತಂಗಿಯೂ ಹಾಗೇ ಹೇಳುತ್ತಾಳೆ. ಅವರು ಬಿಚ್ಚಿಸಿದರು, ಅಷ್ಟೇ. ಬಿಚ್ಚಿದ್ದು ಮತ್ತೆ ಏಳದ ಹಾಗೆ ಮಾಡಿದವನು ನಾನು. ಇದನ್ನು ತಂಗಿಯ ಎದುರು ಬಾಯಿಬಿಟ್ಟು ಹೇಳಲು ನನಗೆ ಇವತ್ತಿನವರೆಗೂ ಆಗಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಬರೆಯುವುದು ನಿಧಾನ. ಆದರೂ ಹೇಳುವುದಕ್ಕಿಂತ ಬರೆಯುವುದೇ ಸುಲಭ ಅನ್ನಿಸಿತು.

ಮಂಟಪ ಇದ್ದದ್ದು ಶಿಡ್ಲಘಟ್ಟದಿಂದ ಜಂಗಮಕೋಟೆ ಕಡೆ ಹೋಗುವ ರಸ್ತೆಯಲ್ಲಿ, ನಮ್ಮೂರಿಗೆ ತಿರುಗುವ ಕ್ರಾಸಿನಲ್ಲಿ. ಹನ್ನೆರಡು ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಎಲ್ಲವೂ ಕಲ್ಲೇ. ಯಾರು ಕಟ್ಟಿಸಿದರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ರೇಷ್ಮೆಗೂಡಿನ ಚೀಲ ಹೊತ್ತು ತಂದವರು ಮಾರ್ಕೆಟ್ಟಿಗೆ ಹೋಗುವ ಬಸ್ಸಿಗೆ ಅಲ್ಲೇ ಕಾಯುತ್ತಿದ್ದರು. ಬಿಸಿಲು ತಾಗಿದರೆ ಗೂಡು ಕೆಡುತ್ತದೆ. ಮಂಟಪದ ಒಳಗೆ ಎಂಥ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ನೆಲದ ಕಲ್ಲಿನಲ್ಲಿ ಯಾವ ಕಾಲದವರೋ ಹುಲಿ-ಕುರಿ ಆಟದ ಗೆರೆ ಕೊರೆದಿದ್ದರು. ಬಸ್ಸು ಬಂದು ನಿಂತರೂ ಆಟ ಬಿಟ್ಟು ಏಳದ ಮುದುಕರಿದ್ದರು. ಕಂಡಕ್ಟರು ಕಿಟಕಿಯಿಂದ ತಲೆ ಹಾಕಿ, "ಏಂ ತಾತಾ, ಹುಲಿ ಸಿಕ್ತಾ? ಹೊರಡಣ್ವಾ?" ಎಂದು ರೇಗಿಸುತ್ತಿದ್ದ.

ಅಪ್ಪ ಕಲ್ಲು ಕೆಲಸದವರು. ಅವರು ತೀರಿಕೊಂಡ ಮೇಲೆ ನಾನು ಉಳಿ ಸುತ್ತಿಗೆ ಹಿಡಿದೆ, ತಂಗಿ ಸ್ಕೂಲಿಗೆ ಹೋದಳು. ಓದಿ, ಅದೇ ರಸ್ತೆಯ ಪಕ್ಕದ ಪ್ರೈಮರಿ ಸ್ಕೂಲಿಗೆ ಟೀಚರಾದಳು. ಅಣ್ಣ ದುಡಿದು ಓದಿಸಿದ ಎಂದು ಕಂಡವರಿಗೆಲ್ಲ ಹೇಳುತ್ತಾಳೆ. ಆ ಮಾತು ಕೇಳಿದಾಗ ಮೊದಲೆಲ್ಲ ಖುಷಿಯಾಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ ರಸ್ತೆಯವರು ಟೇಪು ಹಿಡಿದು ಬಂದರು. ಅರ್ಧ ಮಂಟಪ ಹೊಸ ರಸ್ತೆಯೊಳಗೆ ಬರುತ್ತಿತ್ತು. ತಂಗಿ ಸುಮ್ಮನೆ ಕೂರಲಿಲ್ಲ. ಸುತ್ತಲಿನ ಊರುಗಳಲ್ಲಿ ಸಹಿ ಹಾಕಿಸಿದಳು, ಹೆಬ್ಬೆಟ್ಟು ಒತ್ತಿಸಿದಳು. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ರಜೆ ಹಾಕಿ ಕೋಲಾರಕ್ಕೆ ಎಷ್ಟು ಸಲ ಹೋಗಿ ಬಂದಳೋ. ಕೊನೆಗೊಂದು ದಿನ ರಸ್ತೆಯ ಇಂಜಿನಿಯರು ಮಂಟಪದ ಹತ್ತಿರ ಜೀಪು ನಿಲ್ಲಿಸಿ ಇಳಿದರು. ತಂಗಿಯ ಜೊತೆ ನಾನೂ ಇದ್ದೆ.

"ನೋಡಿ ಟೀಚರಮ್ಮ, ರಸ್ತೆ ತಿರುಗಿಸಕ್ಕಾಗಲ್ಲ. ಜೆಸಿಬಿಗೆ ಇದು ಅರ್ಧ ಗಂಟೆ ಕೆಲಸ," ಎಂದರು.

"ಕೆಡವೋದು ಬೇಡ ಸಾರ್, ಬಿಚ್ಚಣ. ಕೆರೆ ಕಟ್ಟೆ ಪಕ್ಕ ಪಂಚಾಯ್ತಿ ಜಾಗ ಇದೆ. ಇಲ್ಲಿ ಹೆಂಗಿದೆಯೋ ಅಲ್ಲಿ ಹಂಗೇ ನಿಲ್ಲಿಸ್ಕೊಂತೀವಿ."

"ಇದೇನು ಸೀರೆನಾ, ಬಿಚ್ಚಿ ಮಡಚಿ ಇಡಕ್ಕೆ? ಯಾವ ಕಲ್ಲು ಎಲ್ಲಿ ಕೂರ್ಬೇಕು ಅಂತ ಯಾರು ನೆನಪಿಟ್ಕೊಂತಾರೆ?"

"ನಮ್ಮಣ್ಣ ಇದಾನೆ. ಒಂದೊಂದು ಕಲ್ಲಿಗೂ ನಂಬರ್ ಕೊರೀತಾನೆ. ಜಾಸ್ತಿ ಓದಿಲ್ದೆ ಇರಬಹುದು ಸಾರ್, ಆದ್ರೆ ಕಲ್ಲಿನ ವಿಷಯದಲ್ಲಿ ಅವನ ಮಾತು ಅಂದ್ರೆ ಮಾತು."

ಇಂಜಿನಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನಪ್ಪ, ಕೊರೀತೀಯಾ?"

"ಕೊರೀತೀನಿ ಸಾರ್," ಎಂದೆ.

ಕ್ರೇನು ಎರಡೇ ದಿನ ಕೊಡುತ್ತೇವೆ ಎಂದರು. ತಂಗಿ ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಮಂಟಪ ಬರೆದು, ಒಂದೊಂದು ಕಲ್ಲಿಗೂ ನಂಬರ್ ಹಾಕಿಕೊಟ್ಟಳು. ಅರವತ್ತರ ಮೇಲೆ ಬಂತು. ಇಂಥ ನಂಬರನ್ನು ಹೊರಗೆ ಕಾಣುವ ಕಡೆ ಕೊರೆಯುವಂತಿಲ್ಲ. ಇನ್ನೊಂದು ಕಲ್ಲಿನ ಮೇಲೆ ಕೂರುವ ಮುಖದಲ್ಲೇ ಕೊರೆಯಬೇಕು. ಆ ಮುಖ ಕಾಣುವುದು ಕಲ್ಲು ಕೆಳಗಿಳಿದಾಗ ಮಾತ್ರ. ಕ್ರೇನಿನವನು ಅವಸರದಲ್ಲಿದ್ದ. ಹಾಗಾಗಿ ನಾನು ಸದ್ಯಕ್ಕೆ ಜಾಜಿನಲ್ಲಿ ನಂಬರ್ ಬರೆಯುತ್ತಾ ಹೋದೆ. ಜಾಜು ಅಂದರೆ ಕೆಂಪು ಕಲ್ಲಿನ ಪುಡಿ. ನೀರಿನಲ್ಲಿ ಕಲಸಿ, ದಾರ ಅದ್ದಿ, ನಾವು ಕಲ್ಲಿನ ಮೇಲೆ ಗೆರೆ ಹೊಡೆಯುತ್ತೇವೆ. ಜಾಜಿನ ಮೇಲೆ ಆಮೇಲೆ ಉಳಿ ಓಡಿಸಿದರೆ ಆಯಿತು. ಎರಡನೇ ದಿನ ಸಂಜೆ ಅಷ್ಟೂ ಕಲ್ಲು ಟ್ರ್ಯಾಕ್ಟರಿನಲ್ಲಿ ಕೆರೆ ಕಟ್ಟೆ ಪಕ್ಕ ಬಂದು ಬಿದ್ದವು. ತಂಗಿ ಎಲ್ಲರಿಗೂ ಟೀ ಕೊಡಿಸಿದಳು.

ಗಟ್ಟಿ ಕಲ್ಲಿನಲ್ಲಿ ಎರಡೆರಡು ಅಂಕಿ ಕೊರೆಯಲು ಆರೇಳು ದಿನ ಬೇಕಿತ್ತು. ಒಂದು ಕಂಬಕ್ಕೆ ಕೊರೆದೆ. ಆರು ಬರೆಯಲು ಹೋಗಿ ಒಂಬತ್ತಾಯಿತು. ಜೊತೆ ಕೆಲಸಗಾರ ನೋಡಿ, "ಏನಣ್ಣ, ತಂಗಿ ಟೀಚರು, ನಿಂಗೆ ಟ್ಯೂಷನ್ ಕೊಡ್ಲಿಲ್ವಾ?" ಎಂದು ನಕ್ಕ. ನಾನೂ ನಕ್ಕೆ. ಆದರೆ ಆಮೇಲೆ ಉಳಿ ಎತ್ತಲು ಮನಸ್ಸಾಗಲಿಲ್ಲ. ಮಾರನೇ ದಿನ ಗೌರಿಬಿದನೂರಿನಿಂದ ಒಬ್ಬರು ಮನೆಯ ಮೆಟ್ಟಿಲು, ಕಂಬದ ಕೆಲಸಕ್ಕೆ ಕರೆಯಲು ಗಾಡಿ ತಂದರು. ನಾಲ್ಕು ದಿನದಲ್ಲಿ ವಾಪಸ್ಸು ಬಂದು ಮುಗಿಸೋಣ ಎಂದು ಹೊರಟುಬಿಟ್ಟೆ.

ನಾಲ್ಕು ದಿನ ಮೂರು ವಾರವಾಯಿತು. ನಡುವೆ ತಂಗಿ ಫೋನ್ ಮಾಡಿದಳು. "ಅಣ್ಣ, ಕೊರೆದಿದ್ದಾಯ್ತಾ?"

"ಆಯ್ತು ಕಣಮ್ಮ. ಬರೋಕೆ ಮುಂಚೆನೇ ಎಲ್ಲಾ ಮುಗಿಸಿ ಬಂದೆ," ಎಂದೆ.

ಊರಿಗೆ ಹೋದ ತಕ್ಷಣ ನಿಜ ಮಾಡಿಬಿಡಬಹುದಾದ ಸುಳ್ಳು ಎಂದುಕೊಂಡಿದ್ದೆ. ಅದೇ ವಾರ ಮಳೆ ಹಿಡಿಯಿತು. ನಾನು ಬಂದು ನೋಡುವಾಗ ಕಲ್ಲುಗಳ ಮೇಲೆ ಅಲ್ಲಲ್ಲಿ ಕೆಂಪು ಹರಿದ ಕಲೆ ಇತ್ತು, ಕೊರೆದ ಆ ಒಂದು ಕಂಬ ಬಿಟ್ಟರೆ ನಂಬರ್ ಎಲ್ಲೂ ಇರಲಿಲ್ಲ.

ಆವತ್ತೇ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಹಳೇ ಕೆಲಸಗಾರರು ಕಲ್ಲಿಗೆ ಕಲ್ಲು ಸೇರುವ ಪ್ರತಿ ಕೂಡನ್ನೂ ಬೇರೆ ಬೇರೆಯಾಗಿ ತಿದ್ದಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಕೂತರೆ ಅಲ್ಲಾಡುತ್ತದೆ. ನಾಲ್ಕು ಜನ ಎರಡು ತಿಂಗಳು ತಾಳ್ಮೆಯಿಂದ ಕೂರಿಸಿ ನೋಡಿದ್ದರೆ ಯಾವುದಕ್ಕೆ ಯಾವುದು ಎಂದು ಗೊತ್ತಾಗುತ್ತಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನ್ನ ಮಾತು ಅಂದರೆ ಮಾತು ಎಂದು ಅವಳು ಇಂಜಿನಿಯರ ಎದುರು ಹೇಳಿಬಿಟ್ಟಿದ್ದಳಲ್ಲ.

ಮತ್ತೆ ಕಟ್ಟಲು ಅನುಮತಿ ಬೇಕಿತ್ತು. ಅದಕ್ಕಾಗಿ ತಂಗಿ ಓಡಾಡುತ್ತಲೇ ಇದ್ದಳು. ಅವಳು ಕಚೇರಿಗೆ ಹೊರಟ ದಿನವೆಲ್ಲ ನನಗೆ ಕೆಲಸದಲ್ಲಿ ಕೈ ಓಡುತ್ತಿರಲಿಲ್ಲ. ಅನುಮತಿ ಸಿಕ್ಕಿತು ಎಂದು ಬಂದುಬಿಟ್ಟರೆ ಏನು ಮಾಡಲಿ? ಕೆರೆ ಕಟ್ಟೆಯ ದಾರಿ ಬಿಟ್ಟು, ಹಿಪ್ಪುನೇರಳೆ ತೋಟಗಳ ಬದುವಿನ ಮೇಲೆ ಸುತ್ತಿಕೊಂಡು ಮನೆಗೆ ಬರುವ ಅಭ್ಯಾಸವಾಯಿತು. ಅಷ್ಟರಲ್ಲಿ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಇವಳ ಫೈಲು ಬಂದಿಲ್ಲ ಎಂದು ಚಿಕ್ಕಬಳ್ಳಾಪುರದವರು, ಕಳಿಸಿದ್ದೇವೆ ಎಂದು ಕೋಲಾರದವರು. ಎರಡು ಊರಿನ ನಡುವೆ ಓಡಾಡಿ ಒಂದು ಸಂಜೆ ಅವಳು ನಮ್ಮ ಮನೆ ಜಗುಲಿಯ ಮೇಲೆ ಚಪ್ಪಲಿ ಬಿಚ್ಚಿ ಕೂತು, "ಕಳೆದೋಯ್ತಂತೆ ಅಣ್ಣ," ಎಂದು ಅತ್ತಳು. ನಾನು ಪಕ್ಕದಲ್ಲಿ ಕೂತು ಸಮಾಧಾನ ಮಾಡಿದೆ. ಆವತ್ತು ಊಟದಲ್ಲಿ ಒಂದು ಮುದ್ದೆ ಹೆಚ್ಚಿಗೆ ತಿಂದೆ. ಬಹಳ ದಿನದ ಮೇಲೆ ಹಸಿವಾಗಿತ್ತು.

ಅವಳು ಮತ್ತೆ ಮೊದಲಿಂದ ಅರ್ಜಿ ಬರೆದಳು. ವರ್ಷ ತುಂಬುವುದರೊಳಗೆ ಒಬ್ಬ ಅಧಿಕಾರಿ ಕಲ್ಲು ನೋಡಲು ಬಂದೇ ಬಂದರು. ಒಳ್ಳೆಯ ಮನುಷ್ಯ. ಕಟ್ಟೆ ಪಕ್ಕದ ರಾಶಿಯನ್ನು ಸುತ್ತಿ ನೋಡಿ ನನ್ನನ್ನು ಕರೆದರು. "ನೀವೇ ಅಲ್ವಾ ಇಳಿಸಿದ್ದು? ಇಷ್ಟು ವರ್ಷ ಬಿದ್ದಿವೆ. ಮತ್ತೆ ಭಾರ ತಡೀತಾವಾ? ನೀವು ಹೂಂ ಅಂದ್ರೆ ಬರೆದು ಕಳಿಸ್ತೀನಿ."

ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೂಂ ಅಂದರೆ ಒಂದು ತಿಂಗಳಲ್ಲಿ ಕೆಲಸ ಶುರು, ಶುರುವಾದ ದಿನವೇ ನಂಬರ್ ಎಲ್ಲಿ ಎಂದು ಕೇಳುತ್ತಾರೆ.

ಕಲ್ಲಿನಲ್ಲಿ ಬಿರುಕಿದೆಯೋ ಇಲ್ಲವೋ ಎಂದು ನಾವು ಸದ್ದಿನಲ್ಲಿ ಹೇಳುತ್ತೇವೆ. ಸುತ್ತಿಗೆಯಲ್ಲಿ ತಟ್ಟಿದರೆ ಒಳ್ಳೆಯ ಕಲ್ಲು ಗಂಟೆಯ ಹಾಗೆ ಮೊಳಗುತ್ತದೆ, ಒಡೆದದ್ದು ದಬ್ ಅನ್ನುತ್ತದೆ. ಆದರೆ ತಟ್ಟುವ ಮುಂಚೆ ಕಲ್ಲಿನ ಎರಡೂ ಕೊನೆಗೆ ಸಣ್ಣ ಕಲ್ಲು ಕೊಟ್ಟು ನೆಲ ಬಿಟ್ಟು ಎತ್ತಬೇಕು. ಹೊಟ್ಟೆ ಊರಿ ಮಣ್ಣಿನ ಮೇಲೆ ಮಲಗಿದ ಕಲ್ಲು ಎಷ್ಟೇ ಒಳ್ಳೆಯದಿದ್ದರೂ ಮೊಳಗುವುದಿಲ್ಲ. ಕಲ್ಲು ಕೆಲಸದಲ್ಲಿ ಮೊದಲ ತಿಂಗಳೇ ಕಲಿಯುವ ಪಾಠ ಇದು.

ನಾನು ಎತ್ತಲಿಲ್ಲ. ಮಲಗಿದ್ದ ತೊಲೆಯ ಮೇಲೆ ಹಾಗೇ ತಟ್ಟಿದೆ. ದಬ್. ಇನ್ನೊಂದು ಚಪ್ಪಡಿ. ದಬ್. ಮೂರನೆಯದಕ್ಕೆ ಹೋಗುವಾಗ ತಂಗಿಯೇ, "ಸಾಕು ಬಿಡು ಅಣ್ಣ," ಎಂದಳು.

"ಸದ್ದು ಸತ್ತಿದೆ ಸಾರ್," ಎಂದೆ. "ಮೇಲೆತ್ತಿದ್ರೆ ಜನರ ತಲೆ ಮೇಲೆ ಬೀಳುತ್ತೆ."

ಅಧಿಕಾರಿ ಬೇಜಾರಿನಿಂದ ಏನೋ ಬರೆದುಕೊಂಡರು. ತಂಗಿ ವಾಪಸ್ಸು ಬರುವ ದಾರಿಯಲ್ಲಿ, "ನಿಂಗೂ ಎಷ್ಟು ಕಷ್ಟ ಆಯ್ತೋ ಅದನ್ನ ಹೇಳಕ್ಕೆ," ಎಂದು ನನ್ನ ತೋಳು ಹಿಡಿದುಕೊಂಡಳು.

ಆಮೇಲೆ ಕಲ್ಲುಗಳು ಹೇಳುವವರು ಕೇಳುವವರು ಇಲ್ಲದವಾದವು. ಎರಡು ಕಂಬ ಯಾರದೋ ದನದ ಕೊಟ್ಟಿಗೆಗೆ ಹೋದವು. ಚಪ್ಪಡಿಗಳನ್ನು ಪಂಚಾಯ್ತಿಯವರು ತಂಗಿಯ ಸ್ಕೂಲಿನ ಮುಂದಿನ ಚರಂಡಿಯ ಮೇಲೆ ಹಾಸಲು ತೀರ್ಮಾನಿಸಿದರು. ಹಾಸುವ ಕೆಲಸಕ್ಕೆ ನನ್ನನ್ನೇ ಕರೆದರು. ಬೇಡವೆಂದರೆ ಯಾಕೆ ಎಂದು ಕೇಳುತ್ತಾರಲ್ಲ, ಹೋದೆ.

ಚಪ್ಪಡಿಯ ಅಂಚಿಗೆ ಹಳೇ ಗಾರೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಸಮವಾಗಿ ಕೂರಲಿ ಎಂದು ಸುತ್ತಿಗೆಯಲ್ಲಿ ಒಂದೇಟು ಕೊಟ್ಟೆ. ಗಾರೆ ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ, ತೊಲೆಯ ಮೇಲೆ ಕೂರುವ ಮುಖದಲ್ಲಿ, ಎರಡು ಗೆರೆ ಮತ್ತು ಅರ್ಧಚಂದ್ರ ಕೊರೆದಿತ್ತು. ಇನ್ನೊಂದು ಚಪ್ಪಡಿಯ ಗಾರೆ ಉದುರಿಸಿದೆ. ಎರಡು ಗೆರೆ, ಮೂರು ಚುಕ್ಕಿ. ಮತ್ತೊಂದರಲ್ಲಿ ಒಂದು ಗೆರೆ, ಒಂದು ಮೀನು. ಮಂಟಪ ಕಟ್ಟಿದವರು ಯಾವ ಕಲ್ಲಿಗೆ ಯಾವ ಕಲ್ಲು ಎಂದು ಆಗಲೇ ಗುರುತು ಕೊರೆದು ಇಟ್ಟಿದ್ದರು. ಅವರಿಗೂ ಅಂಕಿ ಬರುತ್ತಿರಲಿಲ್ಲವೋ ಏನೋ. ಇಳಿಸಿದ ಮೇಲೆ ನಾನು ಇನ್ನೊಂದೇ ಒಂದು ಕಲ್ಲಿನ ಗಾರೆ ಕೆತ್ತಿ ಉಳಿ ಹಿಡಿದು ಕೊರೆಯಲು ಕೂತಿದ್ದರೂ ಇವು ಕಣ್ಣಿಗೆ ಬೀಳುತ್ತಿದ್ದವು. ಕೊರೆದ ಒಂದೇ ಕಂಬದ ಆ ಮುಖದಲ್ಲಿ ಗಾರೆಯೂ ಇರಲಿಲ್ಲ, ಗುರುತೂ ಇರಲಿಲ್ಲ.

ಚಪ್ಪಡಿಗಳನ್ನು ಗುರುತು ಕೆಳಗಾಗಿ ಹಾಸಿ ಮನೆಗೆ ಬಂದೆ.

ಮಳೆಗಾಲದ ಮುಂಚೆ ಚರಂಡಿಯ ಹೂಳು ತೆಗೆಯಲು ಚಪ್ಪಡಿ ಎತ್ತಬೇಕು. ಅದಕ್ಕೂ ನಾನೇ. ಬೇರೆ ಯಾರಾದರೂ ಎತ್ತಿ ತಿರುಗಿಸಿಬಿಟ್ಟರೆ ಎಂಬ ಭಯಕ್ಕೆ ಕರೆಯುವ ಮುಂಚೆಯೇ ಹೋಗುತ್ತಿದ್ದೆ. ಎರಡನೇ ವರ್ಷ ಹಾಗೆ ಒಂದನ್ನು ಹಾರೆಯಿಂದ ಮೀಟಿ ಓರೆ ನಿಲ್ಲಿಸಿದ್ದೆ. ಸ್ಕೂಲು ಬಿಟ್ಟಿತ್ತು. ತಂಗಿ ಬ್ಯಾಗು ಹಿಡಿದು ನನ್ನ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅಣ್ಣ, ಇದೇನಾ ನೀನು ಕೊರೆದಿದ್ದು?"

ಅವಳು ಬಗ್ಗಿ ಅರ್ಧಚಂದ್ರದ ಮೇಲೆ ಬೆರಳಾಡಿಸುತ್ತಿದ್ದಳು. ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. "ಹೂಂ" ಎಂದು ಬಂತು.

"ನಂಬರ್ ಹಾಕು ಅಂದ್ರೆ ಚಂದ್ರನ್ನ ಹಾಕಿದೀಯಲ್ಲೋ!" ಎಂದು ನಕ್ಕಳು. ಗೆರೆಯೊಳಗಿನ ಮಣ್ಣನ್ನು ಉಗುರಿನಿಂದ ಕೆದಕಿದಳು. "ಎಷ್ಟು ನೀಟಾಗಿ ಕೊರೆದಿದೀಯ. ಒಂದಿಷ್ಟೂ ಅಳಿಸಿಲ್ಲ. ಹಂಗಾದ್ರೆ ಎಲ್ಲಾ ಕಲ್ಲಿಗೂ ಇರ್ಬೇಕಲ್ವಾ? ಬಿರುಕು ಬಿಡ್ದೆ ಇರೋವು ಒಂದಷ್ಟಾದ್ರೂ ಇರುತ್ತೆ. ನಾಲ್ಕು ಕಂಬದ್ದೇ ಆಗ್ಲಿ, ಒಂದು ಮೂಲೆನಾದ್ರೂ ನಿಲ್ಲಿಸ್ಬಹುದು. ಇದಕ್ಕೆ ಜೋಡಿ ಯಾವುದು, ಹೇಳು?"

"ನಂಗೊತ್ತಿಲ್ಲ ಕಣಮ್ಮ," ಎಂದೆ. ಮಂಟಪದ ವಿಷಯದಲ್ಲಿ ಅಷ್ಟು ವರ್ಷಗಳಲ್ಲಿ ನಾನು ಅವಳಿಗೆ ಹೇಳಿದ ನಿಜ ಅದೊಂದೇ.

"ಮರ್ತೋಗಿರುತ್ತೆ ಬಿಡು, ಎಷ್ಟು ದಿನ ಆಯ್ತು," ಎಂದಳು. ಬ್ಯಾಗನ್ನು ಕಾಂಪೌಂಡಿನ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ಚಪ್ಪಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. "ಹಾರೆ ತಗೊಂಬಾ. ಒಂದೊಂದಾಗಿ ತಿರುಗ್ಸಿ ನೋಡಣ."