ಗಾಜಿನ ಮೇಲಿನ ನೇರಳೆ ಚುಕ್ಕೆ

ತೊಂಬತ್ತರ ದಶಕದಲ್ಲಿ ನಾಗಮಂಗಲದ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ ಮೇಡಂ, ಪಿತ್ತಕೋಶದ ಕಲ್ಲುಗಳನ್ನು ಪರೀಕ್ಷಿಸುತ್ತಿದ್ದರು. ಕಲ್ಲನ್ನು ಅರೆದು ಕರಗಿಸಿ, ಬಿಳಿ ಪುಡಿ ಬಳಿದ ಗಾಜಿನ ಹಲಗೆಯ ಬುಡಕ್ಕೆ ಒಂದು ತೊಟ್ಟು ಇಟ್ಟು, ಜಾಡಿಯೊಳಗೆ ನಿಲ್ಲಿಸುತ್ತಿದ್ದರು. ಜಾಡಿಯ ತಳದ ದ್ರಾವಣ ಗಾಜಿನ ಮೇಲೆ ನಿಧಾನವಾಗಿ ಏರುತ್ತಿತ್ತು. ಅದು ಮೇಲಂಚು ಮುಟ್ಟಿದರೆ ಎಲ್ಲ ಕೆಟ್ಟಂತೆ. ಹಾಗಾಗಿ ಮೇಡಂ ಊಟ ಬಿಟ್ಟು, ಕೆನ್ನೆಗೆ ಕೈ ಕೊಟ್ಟು ಅದರ ಮುಂದೆ ಕೂತಿರುತ್ತಿದ್ದರು. ಜಾಡಿಯ ಮುಚ್ಚಳವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾನು ಚಡಪಡಿಸಿದರೆ, "ಏರ್ಲಿ ಬಿಡು, ಅದಕ್ಕೇನವಸರ?" ಅನ್ನುತ್ತಿದ್ದರು. ಕೊನೆಗೆ ಆಸಿಡ್ ಸಿಂಪಡಿಸಿ ಕಾಯಿಸಿದಾಗ ಕಲ್ಲಿನ ಕೊಲೆಸ್ಟ್ರಾಲು ನೇರಳೆ ಚುಕ್ಕೆಯಾಗಿ ಮೂಡುತ್ತಿತ್ತು.

ಒಂದು ಮಧ್ಯಾಹ್ನ, ಆಪರೇಷನ್ ಆಗಿ ಮನೆಗೆ ಹೊರಟಿದ್ದ ಕೆ.ಆರ್.ಪೇಟೆ ಕಡೆಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು.

"ನನ್ ಕಲ್ಲು ಕೊಡ್ರವ್ವ. ಹೊಲ್ದಲ್ಲಿ ಗೇಯಕ್ಕಾಗ್ದೆ ನೋವು ಅಂತ ನಾಟ್ಕ ಆಡ್ತಾಳೆ ಅಂತಾರೆ ನಮ್ಮತ್ತೆ. ಕಲ್ಲಿದ್ರೆ ತಂದು ತೋರ್ಸು ಅಂದವ್ರೆ."

ಆ ಕಲ್ಲನ್ನು ಹಿಂದಿನ ದಿನವೇ ಅರೆದಾಗಿತ್ತು. ಮೇಡಂ ಮುಖ ಸಪ್ಪಗಾಯಿತು. ಅದರ ಗಾಜನ್ನು ತಂದು ಚುಕ್ಕೆ ತೋರಿಸಿದರು.

"ಇದೇ ಕಣಮ್ಮ ನಿನ್ನ ಕಲ್ಲು."

"ಇಷ್ಟೇನಾ?" ಹೆಂಗಸಿನ ಕಣ್ಣು ತುಂಬಿತು. "ಇದ್ನ ನಮ್ಮತ್ತೆ ನಂಬಾಕಿಲ್ಲ ಬುಡಿ."

ಮೇಡಂ ಬಿಳಿ ಕೋಟು ಕಳಚಿದರು. "ನಡಿ, ನಾನೇ ಬಂದು ಹೇಳ್ತೀನಿ."

ಜಾಡಿಯಲ್ಲಿ ಅವತ್ತಿನ ಗಾಜು ಇನ್ನೂ ಅರ್ಧಕ್ಕೆ ನೆನೆದಿತ್ತು. ಅದನ್ನು ಹೇಳಲು ನಾನು ಗೇಟಿನವರೆಗೂ ಓಡಿದೆ. ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಆ ಹೆಂಗಸು, ಅವಳ ಪಕ್ಕದಲ್ಲಿ ಗಾಜನ್ನು ಮಡಿಲಲ್ಲಿಟ್ಟುಕೊಂಡ ಮೇಡಂ.

"ಮೇಡಂ, ಜಾಡಿ!" ಎಂದು ಕೂಗಿದೆ.

"ಏರ್ಲಿ ಬಿಡು," ಅಂದರು.