ದಿಗಂತಕ್ಕೆ ಹೊಲಿಗೆ ಹಾಕಿದ ಭುವನಕ್ಕ

ಬೆಳಗಿನ ಆರೂವರೆಯ ಹೊತ್ತು. ಶ್ರೀಗಂಧದ ಕಾವಲಿನ ದಿಗಂತ ಚಿತ್ರಶಾಲೆಯ ಗೇಟಿಗೆ ಇನ್ನೂ ಬೀಗ. ಪಕ್ಕದ ಸಣ್ಣ ಬಾಗಿಲಿನಿಂದ ಒಳಹೋದ ಭುವನೇಶ್ವರಿ ಚಪ್ಪಲಿ ಬಿಟ್ಟು, ತಲೆಗೊಂದು ಹತ್ತಿಬಟ್ಟೆ ಸುತ್ತಿಕೊಂಡು, ಗುಂಡನೆಯ ಗೋಡೆಗೂ ಅದರ ಮುಂದೆ ಇಳಿಬಿಟ್ಟಿರುವ ಭಾರೀ ಕ್ಯಾನ್ವಾಸಿಗೂ ನಡುವಿನ ಇಕ್ಕಟ್ಟಿನ ಜಾಗದಲ್ಲಿ ನುಸುಳುತ್ತಾರೆ. ಕೈಯಲ್ಲಿ ಟಾರ್ಚು. ಕ್ಯಾನ್ವಾಸಿನ ಬೆನ್ನ ಮೇಲೆ ಸೂರಿನಿಂದ ನೆಲದವರೆಗೆ ಇಳಿದಿರುವ ಹೊಲಿಗೆಗಳನ್ನು ಒಂದೊಂದಾಗಿ ಬೆಳಕು ಹಿಡಿದು ನೋಡುತ್ತಾ ಪೂರ್ತಿ ಒಂದು ಸುತ್ತು ಬರುತ್ತಾರೆ.

"ಮಳೆಗಾಲದಲ್ಲಿ ಬಟ್ಟೆ ತೇವ ಕುಡಿಯತ್ತೆ ಸಾರ್. ಭಾರ ಆಗಿ ಕೆಳಕ್ಕೆ ಜಗ್ಗತ್ತೆ. ಅದಕ್ಕೇ ದಿನಾ ಒಂದ್ಸಲ ಮಾತಾಡಿಸ್ಕೊಂಡು ಬಂದ್ಬಿಡ್ತೀನಿ" ಎನ್ನುತ್ತಾರೆ.

ಅವರು ಹೊರಬರುವಷ್ಟರಲ್ಲಿ ಸೂರಿನ ಗಾಜಿನಿಂದ ಬಿಸಿಲು ಇಳಿದಿರುತ್ತದೆ. ನಡುವಿನ ಕತ್ತಲೆಯ ಮೆಟ್ಟಿಲು ಹತ್ತಿ ಎತ್ತರದ ಕಟ್ಟೆಯ ಮೇಲೆ ನಿಂತರೆ, ಸುತ್ತಲೂ ಬೆಂಗಳೂರಿನ ಪಶ್ಚಿಮ ದಿಕ್ಕಿನ ಹಳೆಯ ಕಾಲ. ತುಂಬಿದ ಕೆಂಗೇರಿ ಕೆರೆ, ತಿಳಿನೀರಿನ ವೃಷಭಾವತಿ, ಮಾಗಡಿ ರಸ್ತೆಯ ಹುಣಸೆಮರಗಳು, ದೂರದಲ್ಲಿ ಸಾವನದುರ್ಗ, ಆ ಕಡೆ ತಿರುಗಿದರೆ ಮಿಲ್ಲಿನ ಚಿಮಣಿಯ ಹೊಗೆ. ಎರಡಂತಸ್ತಿನ ಮನೆಯಷ್ಟು ಎತ್ತರದ ಈ ಸುತ್ತುಚಿತ್ರಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಡ್ರಾಯಿಂಗ್ ಮೇಷ್ಟ್ರಾಗಿದ್ದ ಪಂಚಾಕ್ಷರಿ ಎಂಬ ಕಲಾವಿದರು ಬದುಕಿನ ಕೊನೆಯ ವರ್ಷಗಳನ್ನೆಲ್ಲ ಇದಕ್ಕೇ ಕೊಟ್ಟು ತೀರಿಕೊಂಡರು. ರಜಾದಿನಗಳಲ್ಲಿ ನಾಲ್ಕೈದು ನೂರು ಜನ ಬರುತ್ತಾರೆ. ವಿಜಯನಗರ, ಬಸವೇಶ್ವರನಗರದಿಂದ ಬಂದವರು ತಮ್ಮ ಮನೆ ಇರಬೇಕಾದ ಜಾಗದಲ್ಲಿ ಎಮ್ಮೆ ಮೇಯುತ್ತಿರುವುದನ್ನು ಕಂಡು ನಗುತ್ತಾರೆ.

ಎರಡು ವರ್ಷದ ಹಿಂದೆ ಈ ಚಿತ್ರ ಕೈಬಿಟ್ಟು ಹೋಗುವುದರಲ್ಲಿತ್ತು. ಅದನ್ನು ಉಳಿಸಿದ ಕೈ, ದಿನವೂ ಇದೇ ಕಟ್ಟೆಯ ನೆಲ ಒರೆಸುವ ಕೈ.

ಭುವನೇಶ್ವರಿ ಕೆಂಗೇರಿಯವರು. ವಯಸ್ಸು ಐವತ್ತೆರಡು. ಮದುವೆಯಾದ ಹೊಸದರಲ್ಲೇ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯೊಂದಕ್ಕೆ ಸೇರಿದವರು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶರ್ಟಿನ ಕಾಲರ್ ಹೊಲಿದರು. ಒಂದು ಸೋಮವಾರ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ ಬಿದ್ದಿತ್ತು. "ಊಟದ ಡಬ್ಬಿ ಕೈಯಲ್ಲಿತ್ತು. ಗೇಟ್ ಮುಂದೇನೇ ಎಲ್ಲಾರೂ ಕೂತ್ಕೊಂಡು ಹಂಚ್ಕೊಂಡು ತಿಂದು, ಮನೆಗೆ ಹೋದ್ವಿ" ಎಂದು ನೆನೆಯುತ್ತಾರೆ. ಐವತ್ತರ ಹತ್ತಿರವಾದವರನ್ನು ಬೇರೆ ಕಾರ್ಖಾನೆಗಳು ಸೇರಿಸಿಕೊಳ್ಳಲಿಲ್ಲ. ಗಂಡ ರಾಚಪ್ಪನವರಿಗೆ ಟಿಂಬರ್ ಡಿಪೋದಲ್ಲಿ ಬೆನ್ನಿಗೆ ಪೆಟ್ಟು ಬಿದ್ದು, ಅವರು ಮನೆಯಲ್ಲೇ ಇದ್ದ ಕಾಲ ಅದು. ನೆರೆಮನೆಯವರು ಹೇಳಿದ ಮೇಲೆ ಚಿತ್ರಶಾಲೆಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಬಂದರು.

ಆ ವರ್ಷದ ಮುಂಗಾರು ಜೋರಾಗಿತ್ತು. ಒಂದು ಬೆಳಿಗ್ಗೆ ಭುವನೇಶ್ವರಿ ಕಸ ಗುಡಿಸುತ್ತಿದ್ದಾಗ ಕೆಂಗೇರಿ ಕೆರೆಯ ನೀರಿನ ನಡುವೆ ಉದ್ದಕ್ಕೊಂದು ಕಪ್ಪು ಗೆರೆ ಕಂಡಿತು. ಕ್ಯಾನ್ವಾಸಿನ ಎರಡು ಪಟ್ಟಿಗಳನ್ನು ಕೂಡಿಸಿದ್ದ ಹೊಲಿಗೆ ಬಿಟ್ಟುಕೊಂಡಿತ್ತು. ಸಂಜೆಯ ಹೊತ್ತಿಗೆ ಬಿರುಕು ಆಳುದ್ದವಾಯಿತು. ಮ್ಯಾನೇಜರ್ ಯೋಗಾನಂದ ಅವತ್ತೇ ಚಿತ್ರಶಾಲೆ ಮುಚ್ಚಿದರು. ನಡೆಸುವ ಟ್ರಸ್ಟಿನವರು ಸಭೆ ಸೇರಿ, ಚಿತ್ರವನ್ನು ಬಿಚ್ಚಿ ಸುತ್ತಿಟ್ಟುಬಿಡೋಣ, ಕಟ್ಟಡವನ್ನು ಕಲ್ಯಾಣ ಮಂಟಪಕ್ಕೆ ಕೊಡೋಣ ಎಂಬ ಮಾತಿಗೆ ಬಂದರು.

ಯೋಗಾನಂದ ಒಂದು ತಿಂಗಳ ಅವಕಾಶ ಕೇಳಿಕೊಂಡು, ಹಳೆಯ ಚಿತ್ರಗಳನ್ನು ರಿಪೇರಿ ಮಾಡುವ ಸ್ಮೃತಿ ಎಂಬುವರನ್ನು ಮೈಸೂರಿನಿಂದ ಕರೆಸಿದರು. ಸ್ಮೃತಿ ಎರಡು ದಿನ ಪರೀಕ್ಷಿಸಿ ಹೇಳಿದ್ದು ಇಷ್ಟು: ಕೆಳಗಿಳಿಸಿದರೆ ಬಣ್ಣ ಉದುರುತ್ತದೆ. ಆ ಹೊಲಿಗೆಯ ದಾರವೆಲ್ಲ ಲಡ್ಡಾಗಿದೆ, ತೂಗಾಡುತ್ತಿರುವಾಗಲೇ ಹಿಂದಿನಿಂದ ಕೈಯಲ್ಲಿ ಸೂರಿನವರೆಗೂ ಹೊಲಿಯಬೇಕು. ಸೂಜಿ ಹಳೆಯ ತೂತುಗಳಲ್ಲೇ ಹೋಗಬೇಕು. "ವಿಧಾನ ನನಗೆ ಗೊತ್ತಿತ್ತು. ಅಷ್ಟು ಉದ್ದ ಒಂದೇ ಹದದಲ್ಲಿ ಹೊಲಿಯೋ ಕೈ ನನ್ನದಲ್ಲ. ಅದನ್ನ ಯೋಗಾನಂದ್ ಅವರಿಗೆ ಹೇಳ್ತಾ ಇದ್ದೆ, ಹಿಂದೆ ನೆಲ ಒರೆಸ್ತಾ ಇದ್ದವರು ಎದ್ದು ನಿಂತ್ರು" ಎನ್ನುತ್ತಾರೆ ಸ್ಮೃತಿ.

"ಮೇಡಂ, ನಾನು ಹೊಲೀಲಾ?" ಎಂದು ಕೇಳಿದ್ದರು ಭುವನೇಶ್ವರಿ.

ಸ್ಮೃತಿ ಹಳೆಯ ಕ್ಯಾನ್ವಾಸಿನ ತುಂಡೊಂದನ್ನೂ ಬಾಗಿದ ಸೂಜಿಯನ್ನೂ ಕೊಟ್ಟರು. ಮೊದಲ ದಿನ ದಾರ ಕಿತ್ತುಬಂತು. ಎರಡನೆಯ ದಿನ ಹೊಲಿಗೆ ಸೊಟ್ಟಗಾಯಿತು. ಭುವನೇಶ್ವರಿ ತುಂಡನ್ನು ಮನೆಗೆ ಒಯ್ದು, ಅಡುಗೆ ಮುಗಿಸಿ, ಬಿಚ್ಚಿ ಬಿಚ್ಚಿ ಹೊಲಿದರು. ವಾರ ಕಳೆದ ಮೇಲೆ ಸ್ಮೃತಿ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ, "ಸೋಮವಾರದಿಂದ ಶುರು ಮಾಡೋಣ ಭುವನಕ್ಕ" ಎಂದರು.

ರಾಚಪ್ಪನವರಿಗೆ ಇದು ಹಿಡಿಸಲಿಲ್ಲ. "ಅಷ್ಟೆತ್ತರ ಹತ್ತಿ ಬಿದ್ರೆ ಏನು ಗತಿ? ಹರಿದೋದ್ರೆ ನಿನ್ನ ತಲೆಗೇ ಕಟ್ತಾರೆ" ಎಂದರಂತೆ. "ಹರಿದಿರೋದನ್ನ ಇನ್ನೇನು ಹರೀತೀನಿ, ಸುಮ್ನಿರಿ ಅಂದೆ. ಒಳಗೆ ನಂಗೂ ಭಯ ಇತ್ತು" ಎಂದು ಭುವನೇಶ್ವರಿ ಈಗ ಒಪ್ಪಿಕೊಳ್ಳುತ್ತಾರೆ.

ಭಯ ಸುಳ್ಳಾಗಲಿಲ್ಲ. ಅಟ್ಟಣೆಯ ಮೇಲಿನಿಂದ ಮೊದಲ ದಿನ ನಾಲ್ಕಾರು ಹೊಲಿಗೆಗೇ ಇಳಿದುಬಂದರು. ಆಮೇಲೆ ಕೈ ಕುದುರಿತು. ಅರ್ಧ ದಾರಿ ಬಂದಾಗ ದಾರ ಕೊಂಚ ಬಿಗಿಯಾಗಿ, ಮುಂದುಗಡೆ ಕೆರೆಯ ನೀರು ಸುಕ್ಕಾಗಿ, ಹೆಬ್ಬೆರಳಿನ ಉಗುರಿನಷ್ಟು ಬಣ್ಣ ಉದುರಿ ನೆಲಕ್ಕೆ ಬಿತ್ತು. ಭುವನೇಶ್ವರಿ ಇಳಿದುಬಂದು ಅದನ್ನು ನೋಡಿ, ಗೋಡೆಗೊರಗಿ ಕೂತುಬಿಟ್ಟರು. ಊಟದ ಡಬ್ಬಿ ತೆರೆಯಲಿಲ್ಲ. ಇನ್ನು ತನ್ನ ಕೈಲಾಗದು, ಬೇರೆಯವರನ್ನು ನೋಡಿ ಎಂದರು.

ಸ್ಮೃತಿ ಪಕ್ಕದಲ್ಲೇ ಕೂತರು. ಬಣ್ಣದ ಚೂರನ್ನು ಮೆಲ್ಲಗೆ ಎತ್ತಿ ಕಾಗದದಲ್ಲಿ ಇಟ್ಟುಕೊಂಡು ಹೇಳಿದರು: "ಇದನ್ನ ನಾನು ಅಂಟಿಸ್ತೀನಿ. ಹಿಂದೆ ಇರೋರಿಗೆ ಮುಂದೆ ಏನಾಗ್ತಿದೆ ಕಾಣಲ್ಲ. ಅದು ನನ್ನ ತಪ್ಪು. ನಾಳೆಯಿಂದ ಮುಂದೆ ನಾನು ನಿಂತಿರ್ತೀನಿ."

ಮರುದಿನ ಮುಂದುಗಡೆಯೂ ಒಂದು ಅಟ್ಟಣೆ ಎದ್ದಿತು. ಚಿತ್ರದ ಈಚೆ ಸ್ಮೃತಿ, ಆಚೆ ಭುವನೇಶ್ವರಿ. ಒಬ್ಬರ ಮುಖ ಒಬ್ಬರಿಗೆ ಕಾಣದು. "ಸಾಕಾ?" ಎಂದು ಬಟ್ಟೆಯ ಹಿಂದಿನಿಂದ ದನಿ. "ಇನ್ನೊಂಚೂರು ಎಳೀರಿ... ಹಾಂ, ನಿಲ್ಸಿ" ಎಂದು ಮುಂದಿನಿಂದ ಉತ್ತರ. ಸಾಯಂಕಾಲದ ಹೊತ್ತಿಗೆ ಮಾತು ಮನೆ, ಮಕ್ಕಳು, ಮೊಣಕಾಲು ನೋವಿನ ಕಡೆಗೂ ಹೊರಳುತ್ತಿತ್ತು. ಹೊಲಿಗೆ ಮಾತ್ರ ಮೇಲಕ್ಕೆ ಏರುತ್ತಲೇ ಇತ್ತು. ತಿಂಗಳ ಗಡುವು ಮುಗಿಯುವ ಮೊದಲೇ ಸೂಜಿ, ಚಿತ್ರವನ್ನು ತೂಗುಹಾಕಿದ್ದ ಸೂರಿನ ಕಬ್ಬಿಣದ ಬಳೆಯನ್ನು ಮುಟ್ಟಿತು. "ಮೇಡಂ, ಸಾಕಾ?" ಎಂದು ಭುವನೇಶ್ವರಿ ಕೂಗಿದಾಗ, "ಬಂದು ನೋಡಿ" ಎಂದಷ್ಟೇ ಅಂದರು ಸ್ಮೃತಿ. ಕೆರೆ ಒಂದಾಗಿತ್ತು.

ಬಾಗಿಲು ಮತ್ತೆ ತೆರೆದ ಭಾನುವಾರ ಸಾಲು ಬಸ್‌ಸ್ಟಾಪಿನವರೆಗೆ ನಿಂತಿತ್ತು. ಚಿತ್ರ ಉಳಿದ ಸುದ್ದಿ ತಿಳಿದು ಹಳೆಯ ಹಳ್ಳಿಗಳ ಮನೆಮಂದಿಯೆಲ್ಲ ಬಂದಿದ್ದರು. ಅವರಲ್ಲಿ ಶ್ರೀಗಂಧದ ಕಾವಲಿನಲ್ಲೇ ರಾಗಿ ಬೆಳೆಯುತ್ತಿದ್ದ ಎಂಬತ್ತು ದಾಟಿದ ತಿಮ್ಮಯ್ಯನವರೂ ಒಬ್ಬರು. ಮೊಮ್ಮಗಳ ತೋಳು ಹಿಡಿದು ಕಟ್ಟೆ ಹತ್ತಿ, ತಮ್ಮ ಹೊಲದ ಬದು, ಬಾವಿ, ಬಾವಿಯ ಪಕ್ಕದ ಹೊಂಗೆಮರ ಎಲ್ಲವನ್ನೂ ಬೆರಳು ಚಾಚಿ ತೋರಿಸಿದರು. ಕೊನೆಗೆ ಕಂಬಿಯ ಪಕ್ಕ ನಿಂತಿದ್ದ ಭುವನೇಶ್ವರಿಯವರನ್ನು ಕೇಳಿದರು: "ಎಲ್ಲಿ ಕಣವ್ವ ಹರಿದಿದ್ದು?"

"ಕೆರೆ ನಡುವೆ ತಾತ."

ತಿಮ್ಮಯ್ಯ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. "ನಂಗೆ ನೀರೇ ಕಾಣ್ತದೆ" ಎಂದರು. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಯಾರೋ ಶುರುಮಾಡಿದ್ದು ಇಡೀ ಕಟ್ಟೆಗೆ ಹಬ್ಬಿತು. ಭುವನೇಶ್ವರಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಳಗಿಳಿದು ಹೋದರು.

ಈಗ ಅವರು ಚಿತ್ರಶಾಲೆಯ ಕ್ಯಾನ್ವಾಸ್ ಪಾಲಕಿ. ಹುದ್ದೆಯ ಹೆಸರು ಯೋಗಾನಂದ ಅವರೇ ಇಟ್ಟಿದ್ದು. ಸಡಿಲವಾಗಿದ್ದ ಇನ್ನೂ ಮೂರು ಹೊಲಿಗೆಗಳನ್ನು ಕಳೆದ ಬೇಸಿಗೆಯಲ್ಲಿ ಭದ್ರಪಡಿಸಿದ್ದಾರೆ. ಆ ಕೆಲಸಕ್ಕೆ ಹಳೆಯ ಕಾರ್ಖಾನೆಯ ಇಬ್ಬರು ಗೆಳತಿಯರನ್ನು ಕರೆದು ತರಬೇತಿ ಕೊಟ್ಟವರೂ ಅವರೇ. ನೆಲ ಒರೆಸುವುದನ್ನು ಬಿಡಿ ಎಂದರೆ ಕೇಳುವುದಿಲ್ಲ. ಧೂಳು ಎದ್ದರೆ ಮೊದಲು ಕೂರುವುದು ಚಿತ್ರದ ಮೇಲೆ ಎನ್ನುತ್ತಾರೆ.

ಹೊರಡುವ ಮುನ್ನ ಕೇಳುತ್ತೇನೆ, ಇಷ್ಟೆಲ್ಲ ಆದ ಮೇಲೆ ನಿಮಗೇನು ಅನ್ನಿಸುತ್ತದೆ? ಅವರು ಒರೆಸುವ ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ.

"ಗಾರ್ಮೆಂಟ್ಸಲ್ಲಿ ಅಷ್ಟು ವರ್ಷ ಕಾಲರ್ ಹೊಲಿದೆ ಸಾರ್. ಎಲ್ಲಾ ಡಬ್ಬದಲ್ಲಿ ತುಂಬಿ ಹಡಗಿಗೆ ಹೋಗೋದು. ನಾನು ಹೊಲಿದಿದ್ದನ್ನ ಯಾರಾದ್ರೂ ಹಾಕ್ಕೊಂಡಿರೋದು ಒಂದು ದಿನಾನೂ ಕಣ್ಣಾರೆ ನೋಡ್ಲಿಲ್ಲ. ಇದನ್ನ ದಿನಾ ನೋಡ್ತೀನಿ."