ಶರಬತ್ತಿನ ಅಂಗಡಿಯಲ್ಲಿ ಉತ್ತರ ಧ್ರುವ

ಜಗಳೂರಿನ ಗೌರಮ್ಮ, ಮಂಡಿ ನೋವು ಕಡಿಮೆಯಾಯಿತೇನಮ್ಮಾ? ತ್ಯಾವಣಿಗೆಯ ರುದ್ರೇಶ, ನಿನ್ನ ಕೆಮ್ಮು ಹೇಗಿದೆಯಪ್ಪಾ? ನಿಮ್ಮಿಬ್ಬರ ಕಾಗದವೂ ತಲುಪಿತು. ನಾನು ಗಟ್ಟಿಯಾಗಿದ್ದೇನೆ.

ಇವತ್ತು ಮಧ್ಯಾಹ್ನ ನ್ಯಾಮತಿ ಬಸ್ ಸ್ಟ್ಯಾಂಡ್ ಹತ್ತಿರ ಶರಬತ್ತು ಕುಡಿಯುತ್ತಿದ್ದೆ. ಅಂಗಡಿಯ ಟಿವಿಯಲ್ಲಿ ಉತ್ತರ ಧ್ರುವ ತೋರಿಸಿದರು. ಸಮುದ್ರವೇ ಹೆಪ್ಪುಗಟ್ಟಿ, ಕಣ್ಣು ಹಾಯುವಷ್ಟು ದೂರ ಬಿಳಿ ನೆಲವಾಗಿದೆ! ಅದು ವರ್ಷದಿಂದ ವರ್ಷಕ್ಕೆ ಕರಗಿ ಕಿರಿದಾಗುತ್ತಿದೆಯಂತೆ. ಐಸ್ ಒಡೆಯುತ್ತಿದ್ದ ಅಂಗಡಿಯ ಹಾಲೇಶಿ ಬಾಯಿ ತೆರೆದು ನಿಂತುಬಿಟ್ಟ.

"ಅದರ ಮೇಲೆ ಯಾರೂ ಭತ್ತದ ಹೊಟ್ಟು ಮುಚ್ಚಂಗಿಲ್ಲೇನ್ರೀ ಅಜ್ಜಾ?" ಎಂದ. ತನ್ನ ಐಸ್ ಗಡ್ಡೆಯನ್ನು ಅವನು ಕಾಪಾಡುವುದೇ ಹಾಗೆ.

"ಆ ಐಸೇ ಭೂಮಿಗೆ ಹೊಟ್ಟು ಇದ್ದಂಗೆ ಕಣೋ. ಬಿಸಿಲನ್ನ ವಾಪಸ್ ಕಳಿಸ್ತೈತಂತೆ" ಎಂದೆ. ಹೇಳುತ್ತಲೇ ಹೊರಗಿನ ಬಿಸಿಲಿನತ್ತ ನೋಡಿದೆ. ಎಲ್ಲಿಯ ಸಮುದ್ರ, ಎಲ್ಲಿಯ ನಮ್ಮ ನೆತ್ತಿ!

ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಬಂದಳು. "ಅಲ್ಲೀದು ನೋಡ್ಕಂತ ಇಲ್ಲೀದು ಕರಗಿಸ್ತೀರಲ್ರೀ! ಸಂಜೆ ಯಾಪಾರಕ್ಕೆ ಏನ್ ಮಾಡಾದು?" ಎಂದು ಗದರಿ, ಗಡ್ಡೆಗೆ ಗೋಣಿಚೀಲ ಹೊದಿಸಿದಳು.

ಮತ್ತೆ ತಿರುಗಿ ನೋಡಿದರೆ ಟಿವಿಯಲ್ಲಿ ಯಾವುದೋ ನಟನ ಮದುವೆ. ಅಷ್ಟು ದೊಡ್ಡ ಸಮುದ್ರ ಒಂದು ಲೋಟ ಶರಬತ್ತು ಮುಗಿಯುವುದರೊಳಗೆ ಮುಗಿದಿತ್ತು. ಮದುವೆ ಮಾತ್ರ ನಾನು ಬಸ್ ಹತ್ತುವಾಗಲೂ ನಡೆದೇ ಇತ್ತು. ನಿಮ್ಮ ಕಡೆ ಯಾವ ಚಾನೆಲ್‌ನವರಾದರೂ ಆ ಸಮುದ್ರದ ಉಳಿದ ಸುದ್ದಿಯನ್ನು ತೋರಿಸಿದ್ದರೆ ತಡಮಾಡದೆ ಬರೆಯಿರಿ.